ಚಾಪ್ಲಿನ್ ಊರಲ್ಲಿ ಇನ್ನೊಂದು ಪ್ರತಿಮೆ

ಟೋಪಿ, ಕೋಲು, ದೊಗಳೆ ಪ್ಯಾಂಟು. ಇವರು ಯಾರು ಅಂತ ನಾನು ಹೇಳೋದೇ ಬೇಡ. ಐರ್ಲೆಂಡಿನ ನೈಋತ್ಯ ಮೂಲೆಯ ಕೆರಿ ಕೌಂಟಿಯಲ್ಲಿ, ಸಮುದ್ರಕ್ಕೆ ಅಂಟಿಕೊಂಡಂತೆ ವಾಟರ್‌ವಿಲ್ ಅಂತ ಒಂದು ಊರಿದೆ. ಚಾರ್ಲಿ ಚಾಪ್ಲಿನ್ ಹೆಂಡ್ತಿ ಮಕ್ಕಳ ಜೊತೆ ರಜೆಗೆ ಬರ್ತಿದ್ದ ಜಾಗ. ಟೂರಿಸ್ಟ್ ಬಸ್ಸು ನಿಲ್ಲತ್ತೆ, ಜನ ಇಳೀತಾರೆ, ಚಾಪ್ಲಿನ್ ಪಕ್ಕ ನಿಂತು ಫೋಟೋ ತಗೋತಾರೆ, ಬಸ್ಸು ಹೊರಡತ್ತೆ. ನಾವೂ ಅದನ್ನೇ ಮಾಡಿದ್ವಿ, ನೋಡಿ, ನಮ್ಮನೆಯವರು ನಿಂತಿರೋ ಪೋಸ್ ನೋಡಿ.

ಅದೇ ಊರಲ್ಲಿ ಇನ್ನೊಂದು ಪ್ರತಿಮೆ ಇದೆ. ಅದರ ಹತ್ತಿರ ಯಾರೂ ಕ್ಯೂ ನಿಂತಿರ್ಲಿಲ್ಲ. ಹೆಸರು ಮಿಕ್ ಓ'ಡ್ವಾಯರ್. ಈ ಊರಿನವರೇ. ಸತ್ಯ ಹೇಳ್ಬೇಕು ಅಂದ್ರೆ, ಡಬ್ಲಿನ್‌ನಲ್ಲಿ ಇಷ್ಟು ವರ್ಷ ಇದ್ದೂ ನನಗೆ ಇವರು ಯಾರು ಅಂತ ಗೊತ್ತಿರ್ಲಿಲ್ಲ. ಈ ವಿಡಿಯೋ ಪೂರ್ತಿ ಇವರಿಂದ ಶುರುವಾದದ್ದು.

ಮೊದಲು ಆಟ ಏನು ಅಂತ ಬೇಗ ಹೇಳ್ಬಿಡ್ತೀನಿ. ಗೇಲಿಕ್ ಫುಟ್‌ಬಾಲ್. ತಂಡಕ್ಕೆ 15 ಜನ. ಬಾಲ್ ಕೈಯಲ್ಲಿ ಹಿಡೀಬಹುದು, ಆದ್ರೆ ನಾಲ್ಕು ಹೆಜ್ಜೆ ಆಗೋದ್ರೊಳಗೆ ಅದನ್ನ ನೆಲಕ್ಕೆ ಪುಟಿಸ್ಬೇಕು, ಇಲ್ಲಾ ಕಾಲ್ಬೆರಳ ಮೇಲೆ ತಟ್ಟಿ ಮತ್ತೆ ಕೈಗೆ ತಗೋಬೇಕು. ಬೀಚ್ ಪಕ್ಕ ಒಬ್ಬ ಪುಟ್ಟ ಹುಡುಗ ಮಾಡ್ತಿದ್ದಾನಲ್ಲ, ಓಡ್ತಾ ಓಡ್ತಾ, ಬಾಲ್ ಕಡೆ ನೋಡೋದೂ ಇಲ್ಲ, ಕೈಯಿಂದ ಕಾಲಿಗೆ, ಕಾಲಿಂದ ಕೈಗೆ. ದಾರ ಕಟ್ಟಿದ ಹಾಗೆ. ನಾನು ಟ್ರೈ ಮಾಡಿದ ಫುಟೇಜ್ ಡಿಲೀಟ್ ಮಾಡಿದ್ದೀನಿ. ಗೋಲ್ ಕಂಬದ ಮಧ್ಯೆ ಬಲೆಯೊಳಗೆ ಹೋದ್ರೆ ಗೋಲ್, ಮೂರು ಪಾಯಿಂಟ್. ಅಡ್ಡಪಟ್ಟಿ ಮೇಲಿಂದ ಹೋದ್ರೆ ಒಂದು. 2025ರಿಂದ ದೂರದ ಕಮಾನು ಗೆರೆ ಆಚೆಯಿಂದ ಹೊಡೆದ್ರೆ ಎರಡು. ಹಾಗಾಗಿ ಸ್ಕೋರು ಬರೆಯೋದು 1-26 ಅಂತ. ಒಂದು ಗೋಲು, 26 ಪಾಯಿಂಟು, ಒಟ್ಟು 29. ಇಷ್ಟು ಸಾಕು.

ಕೌಂಟಿ ಕೌಂಟಿ ಮಧ್ಯೆ ನಡೆಯೋ ದೊಡ್ಡ ಟೂರ್ನಿಗೆ ಆಲ್ ಐರ್ಲೆಂಡ್ ಅಂತಾರೆ. ಕೆರಿ ಅದನ್ನ ಗೆದ್ದಿರೋದು 39 ಸಲ. ಎರಡನೇ ಸ್ಥಾನದ ಡಬ್ಲಿನ್ 31. ಈಗ ಜನಸಂಖ್ಯೆ ನೋಡಿ: ಡಬ್ಲಿನ್ ಕೌಂಟಿಯಲ್ಲಿ ಸುಮಾರು ಹದಿನಾಲ್ಕೂವರೆ ಲಕ್ಷ, ಕೆರಿಯಲ್ಲಿ ಒಂದೂವರೆ ಲಕ್ಷದ ಮೇಲೆ ಚೂರು. ನಮ್ಮನೆಯವರು ಕ್ರಿಕೆಟ್ ಮನುಷ್ಯ. ಡ್ರೈವ್ ಮಾಡ್ತಾ ಕೇಳಿದ ಮೊದಲ ಪ್ರಶ್ನೆ, "ಹೊರಗಿಂದ ಆಟಗಾರರನ್ನ ಕೊಂಡ್ಕೊಂಡು ಬರ್ತಾರಾ?" ಇಲ್ಲ ರೀ, ಹರಾಜೂ ಇಲ್ಲ, ಸಂಬಳವೂ ಇಲ್ಲ. ಹುಟ್ಟಿ ಬೆಳೆದ ಕೌಂಟಿಗೆ ಆಡೋದು. ಭಾನುವಾರ ಎಂಬತ್ತು ಸಾವಿರ ಜನರ ಮುಂದೆ ಫೈನಲ್ ಆಡ್ತಾರೆ, ಸಂಭ್ರಮ ಎಲ್ಲಾ ಮುಗಿದ ಮೇಲೆ ವಾಪಸ್ ಅವರವರ ಕೆಲಸಕ್ಕೆ. ಈಗಿನ ಅತಿದೊಡ್ಡ ಸ್ಟಾರ್ ಡೇವಿಡ್ ಕ್ಲಿಫರ್ಡ್ ವೃತ್ತಿಯಲ್ಲಿ ಮೇಷ್ಟ್ರು. ನಮ್ಮನೆಯವರು ಎರಡು ಕಿಲೋಮೀಟರ್ ಮಾತೇ ಆಡ್ಲಿಲ್ಲ.

ಮಿಕ್ ಓ'ಡ್ವಾಯರ್‌ಗೆ ವಾಪಸ್ ಬರೋಣ. ಆಟಗಾರನಾಗಿ ನಾಲ್ಕು ಆಲ್ ಐರ್ಲೆಂಡ್ ಗೆದ್ದವರು. 1975ರಲ್ಲಿ ಮ್ಯಾನೇಜರ್ ಆದ್ರು. ಕೈಗೆ ಸಿಕ್ಕಿದ್ದು ಮೀಸೆ ಚಿಗುರಿದ ಹುಡುಗರ ಗುಂಪು. ಮೊದಲ ವರ್ಷವೇ ಕಪ್ಪು. ಆಮೇಲೆ 1978, 79, 80, 81. ಮತ್ತೆ 1984, 85, 86. ಹನ್ನೆರಡು ವರ್ಷದಲ್ಲಿ ಎಂಟು! ಐದು ಜನ ಆಟಗಾರರ ಹತ್ತಿರ ಎಂಟೆಂಟು ಪದಕ.

1978ರ ಫೈನಲ್‌ನ ಒಂದು ಗೋಲು ಇದೆ, ಇವತ್ತಿಗೂ ಇಲ್ಲಿಯ ಟೀವಿಯಲ್ಲಿ ಸಾಕು ಸಾಕು ಅನ್ನೋವಷ್ಟು ತೋರಿಸ್ತಾರೆ. ಡಬ್ಲಿನ್ ಗೋಲ್‌ಕೀಪರ್ ಪ್ಯಾಡಿ ಕಲೆನ್ ತನ್ನ ಜಾಗ ಬಿಟ್ಟು ಬಂದು ರೆಫರಿ ಹತ್ತಿರ ತಕರಾರು ಮಾಡ್ತಿದ್ದಾರೆ. ಅಷ್ಟರಲ್ಲಿ ಕೆರಿಯ ಮೈಕಿ ಶೀಹಿ ಬಾಲನ್ನ ನೆಲಕ್ಕಿಟ್ಟು, ಮೆಲ್ಲಗೆ, ಅವರ ತಲೆ ಮೇಲಿಂದ ಎತ್ತಿ ಕಳಿಸಿಬಿಟ್ರು. ಕಲೆನ್ ಹಿಂದಕ್ಕೆ ಓಡಿದ್ರು ನೋಡಿ, ಒಲೆ ಮೇಲೆ ಹಾಲಿಟ್ಟು ಬಾಗಿಲಲ್ಲಿ ಮಾತಾಡ್ತಾ ನಿಂತವರು ಉಕ್ಕೋ ಸದ್ದಿಗೆ ಓಡ್ತಾರಲ್ಲ, ಥೇಟ್ ಹಾಗೆ. ಕೆರಿ 5-11, ಡಬ್ಲಿನ್ 0-9.

ಮೇಲೆ ಹೇಳಿದ ಇಸವಿಗಳಲ್ಲಿ 1981 ಆದ ಮೇಲೆ 84ಕ್ಕೆ ಹಾರಿದೆ, ಗಮನಿಸಿದ್ರಾ? ಕೆರಿಯವರ ಹತ್ತಿರ 39ರ ಬಗ್ಗೆ ಕೇಳಿದ್ರೆ ಎರಡು ಮಾತಲ್ಲಿ ಮುಗಿಸ್ತಾರೆ. 82ರ ಬಗ್ಗೆ ಕೇಳಿ, ಕುರ್ಚಿ ಎಳ್ಕೊಂಡು ಕೂತ್ಕೋತಾರೆ.

ಸತತ ಐದು ಸಲ ಯಾರೂ ಗೆದ್ದಿರ್ಲಿಲ್ಲ. ಕೆರಿ ಹಿಂದೊಮ್ಮೆ, 1929ರಿಂದ 32ರ ತನಕ, ನಾಲ್ಕು ಗೆದ್ದು ಅಲ್ಲೇ ನಿಂತಿತ್ತು. ಈಗ ಎರಡನೇ ಅವಕಾಶ. ಎದುರಿಗೆ ಆಫಲಿ ಅನ್ನೋ ಇನ್ನೊಂದು ಪುಟ್ಟ ಕೌಂಟಿ. ಫೈನಲ್‌ಗೆ ಮುಂಚೆಯೇ 'ಸತತ ಐದು' ಅಂತ ಟೀ ಶರ್ಟ್ ಪ್ರಿಂಟ್ ಆಗಿತ್ತು, ಹಾಡೂ ರೆಕಾರ್ಡ್ ಆಗಿತ್ತು. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತೀವಲ್ಲ, ಅದೇ. ಸೆಪ್ಟೆಂಬರ್ 19, ಮಳೆ. ಅದೇ ಮೈಕಿ ಶೀಹಿ ಹೊಡೆದ ಪೆನಾಲ್ಟಿಯನ್ನ ಆಫಲಿ ಕೀಪರ್ ತಡೆದ. ಆದ್ರೂ ಕೊನೆ ನಿಮಿಷಗಳಲ್ಲಿ ಕೆರಿ ಎರಡು ಪಾಯಿಂಟ್ ಮುಂದೆ. ಆಗ ಬದಲಿ ಆಟಗಾರ ಷೇಮಸ್ ಡಾರ್ಬಿ, ಎತ್ತರಕ್ಕೆ ಬಂದ ಬಾಲ್ ಹಿಡಿದು, ತಿರುಗಿ, ಬಲೆಯ ಮೇಲ್ಮೂಲೆಗೆ ಬಾರಿಸಿದ. ಮೂರು ಪಾಯಿಂಟ್. ಆಫಲಿ 1-15, ಕೆರಿ 0-17. ಒಂದೇ ಒಂದು ಪಾಯಿಂಟಿನ ಸೋಲು. ಬಾಲ್ ಹಿಡಿಯೋವಾಗ ಡಾರ್ಬಿ ಕೆರಿ ಆಟಗಾರನ ಬೆನ್ನಿಗೆ ಕೈ ಕೊಟ್ಟು ತಳ್ಳಿದ್ನಾ ಇಲ್ವಾ ಅನ್ನೋ ವಾದ ನಲವತ್ತು ವರ್ಷದ ಮೇಲಾಯ್ತು, ಇನ್ನೂ ಮುಗಿದಿಲ್ಲ. ನಾನೂ ಸ್ಲೋ ಮೋಷನ್‌ನಲ್ಲಿ ಮೂರು ಸಲ ನೋಡಿದೆ. ನನ್ನ ಅಭಿಪ್ರಾಯ ಹೇಳಲ್ಲ, ಮತ್ತೆ ಕೆರಿಗೆ ಹೋಗ್ಬೇಕಲ್ಲ.

ಕೊನೆಗೆ ಸತತ ಐದು ಗೆದ್ದವರು ಯಾರು? ಡಬ್ಲಿನ್, 2019ರಲ್ಲಿ. ಫೈನಲ್‌ನಲ್ಲಿ ಸೋತವರು ಯಾರು? ಕೆರಿ. ಅದೂ ಮೊದಲ ಪಂದ್ಯ ಸಮ ಆಗಿ, ಮತ್ತೊಮ್ಮೆ ಆಡಿ. ಮುಂದಿನ ವರ್ಷ ಡಬ್ಲಿನ್ ಆರನೆಯದನ್ನೂ ಎತ್ಕೊಂಡು ಹೋಯ್ತು.

ಇನ್ನು ಕಪ್ಪಿನ ವಿಷಯ. ಕೆರಿಗೆ ಹೋದ್ರೆ ಎಲ್ಲೋ ಒಂದು ಬೀರುವಿನಲ್ಲಿ 39 ಕಪ್ ಸಾಲಾಗಿ ಇಟ್ಟಿರ್ತಾರೆ, ಒಳ್ಳೇ ಶಾಟ್ ಸಿಗತ್ತೆ ಅಂದ್ಕೊಂಡಿದ್ದೆ. ಕಪ್ ಒಂದೇ, ಪ್ರತಿ ವರ್ಷ ಗೆದ್ದವರಿಗೆ ಹಸ್ತಾಂತರ. ಹೆಸರು ಸ್ಯಾಮ್ ಮಗ್ವಾಯರ್ ಕಪ್. ಯಾರೂ ಪೂರ್ತಿ ಹೆಸರು ಹೇಳಲ್ಲ, ಬರೀ ಸ್ಯಾಮ್, ಮನೆ ಹುಡುಗನ ಹಾಗೆ. 1928ರ ಅಸಲಿ ಕಪ್ಪಿಗೆ 1980ರ ದಶಕದ ಕೊನೆಗೆ ನಿವೃತ್ತಿ ಕೊಟ್ರು, ಈಗ ಅದು ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಮ್ಮಿನ ಮ್ಯೂಸಿಯಮ್‌ನಲ್ಲಿ ಕೂತಿದೆ. ಅದೇ ಥರ ಮಾಡಿಸಿದ ಇನ್ನೊಂದು ಊರೂರು ತಿರುಗತ್ತೆ, ಶಾಲೆಗಳಿಗೆ, ಪಬ್‌ಗಳಿಗೆ, ಆಸ್ಪತ್ರೆಗಳಿಗೆ. ಮೂಲವಿಗ್ರಹ ಗರ್ಭಗುಡಿಯಲ್ಲಿ, ಉತ್ಸವಮೂರ್ತಿ ಬೀದಿಯಲ್ಲಿ. ನಮಗೆ ಇದನ್ನ ಯಾರೂ ಅರ್ಥ ಮಾಡಿಸಬೇಕಾಗಿಲ್ಲ.

ಆದ್ರೆ ಈ 39ರಲ್ಲಿ ನನ್ನ ಮನಸ್ಸಲ್ಲಿ ಉಳಿದಿದ್ದು ಓ'ಡ್ವಾಯರ್ ಕಾಲದ್ದಲ್ಲ, 1931ರದ್ದು. 1922-23ರಲ್ಲಿ ಐರ್ಲೆಂಡ್‌ನಲ್ಲಿ ಅಂತರ್ಯುದ್ಧ ಆಯ್ತು. ಬ್ರಿಟಿಷರ ಜೊತೆ ಆದ ಒಪ್ಪಂದ ಒಪ್ಪಿದವರು ಒಂದು ಕಡೆ, ಒಪ್ಪದವರು ಇನ್ನೊಂದು ಕಡೆ. ಕೆರಿಯಲ್ಲಿ ಅದು ತುಂಬಾ ಕ್ರೂರವಾಗಿತ್ತು. ಟ್ರಲೀ ಹತ್ತಿರ ಬ್ಯಾಲಿಸೀಡಿಯಲ್ಲಿ ಕೈದಿಗಳನ್ನ ಸ್ಫೋಟಕದ ಸುತ್ತ ಕಟ್ಟಿ ಸಿಡಿಸಿದ್ರು. ಎಂಟು ಜನ ಸತ್ರು. ಅಲ್ಲಿಯ ಸ್ಮಾರಕದ ಮುಂದೆ ನಾವು ಕ್ಯಾಮೆರಾ ಆಫ್ ಮಾಡಿದ್ವಿ.

ಅದಾದ ಒಂದೇ ವರ್ಷದಲ್ಲಿ ಎರಡೂ ಕಡೆಯವರು ಸೇರಿ ಕೆರಿಗೆ ಒಂದೇ ಜೆರ್ಸಿ ಹಾಕಿ ಆಡಿದ್ರು, ಹಸಿರು ಮತ್ತೆ ಬಂಗಾರದ ಬಣ್ಣ. ಒಪ್ಪಂದ ಒಪ್ಪಿದ ಸರ್ಕಾರಿ ಸೈನ್ಯದ ಅಧಿಕಾರಿ ಕಾನ್ ಬ್ರಾಸ್ನನ್, ಎದುರು ಪಕ್ಷದ ಜಾನ್ ಜೋ ಶೀಹಿ. ಶೀಹಿ ತಲೆಮರೆಸಿಕೊಂಡಿದ್ದಾಗ, ಪಂದ್ಯ ಆಡಿ ಹೋಗಲಿ, ಯಾರೂ ಮುಟ್ಟಬಾರದು ಅಂತ ಬ್ರಾಸ್ನನ್ ಮಾತು ಕೊಟ್ಟಿದ್ರಂತೆ. ಜನರ ಗುಂಪಿನಿಂದ ಎದ್ದು ಬಂದು ಆಡಿ, ಮತ್ತೆ ಗುಂಪಲ್ಲೇ ಕರಗಿ ಹೋಗಿದ್ರು ಅಂತ ಇಲ್ಲಿ ಹೇಳ್ತಾರೆ. ಆಮೇಲೆ 1931. ಕೆರಿಯಲ್ಲಿ ಒಂದು ಪದ್ಧತಿ ಇತ್ತು, ಸ್ಥಳೀಯ ಚಾಂಪಿಯನ್ ಕ್ಲಬ್ಬಿಗೆ ಕೌಂಟಿ ನಾಯಕನನ್ನ ಹೆಸರಿಸೋ ಹಕ್ಕು. ಆ ವರ್ಷ ಜೋ ಬ್ಯಾರೆಟ್ ನಾಯಕ ಆಗ್ಬೇಕಿತ್ತು. ಅವರು ಶೀಹಿ ಪಕ್ಷದವರು. ತಮ್ಮ ಸರದಿಯನ್ನ ಅವರು ಕೊಟ್ಟಿದ್ದು ಬ್ರಾಸ್ನನ್‌ಗೆ, ತಮ್ಮವರ ಸಿಟ್ಟನ್ನೆಲ್ಲಾ ಎದುರಿಸಿ. ಕೆರಿ ಆ ವರ್ಷವೂ ಗೆಲ್ತು.

39ನೆಯದು ಬಂದಿದ್ದು 2025ರ ಜುಲೈ 27ಕ್ಕೆ. ಜೂನ್‌ನಲ್ಲಿ ಮೀತ್ ಕೌಂಟಿ ಕೈಲಿ ಒಂಬತ್ತು ಪಾಯಿಂಟಲ್ಲಿ ಸೋತು, ಇನ್ನು ಇವರ ಕಥೆ ಮುಗೀತು ಅನ್ನಿಸಿಕೊಂಡಿದ್ರು. ಫೈನಲ್‌ನಲ್ಲಿ ಡಾನಿಗಾಲ್ ವಿರುದ್ಧ 1-26, 0-19. ಮೇಷ್ಟ್ರು ಕ್ಲಿಫರ್ಡ್ ಒಬ್ಬರೇ ಒಂಬತ್ತು. ಮ್ಯಾನೇಜರ್ ಜ್ಯಾಕ್ ಓ'ಕಾನರ್‌ಗೆ ಅದು ಐದನೇ ಕಪ್ಪು. ಮಿಕ್ ಓ'ಡ್ವಾಯರ್ ಅದನ್ನ ನೋಡ್ಲಿಲ್ಲ, ಅದೇ ವರ್ಷ ಏಪ್ರಿಲ್‌ನಲ್ಲಿ, 88ನೇ ವಯಸ್ಸಲ್ಲಿ ತೀರಿಕೊಂಡಿದ್ರು.

ವಾಟರ್‌ವಿಲ್ ನೋಡಿದ ದಿನ ರಾತ್ರಿ ನಾವು ಉಳಿದಿದ್ದು ಒಂದು ಮನೆಯ ಮೇಲ್ಮಹಡಿ ರೂಮಲ್ಲಿ. ಬೆಳಗ್ಗೆ ತಿಂಡಿ ಕೊಡೋವಾಗ ಮನೆಯೊಡತಿಗೆ, 39 ಸಲ ಗೆದ್ದಿದ್ದೀರಂತೆ, ಅಭಿನಂದನೆ ಅಂದೆ. "ಯೆರ್ರಾ," ಅಂದ್ರು. ಇದು ಕೆರಿಯವರ ಪೇಟೆಂಟ್ ಮಾತು. ನಮ್ಮ 'ಅಯ್ಯೋ ಬಿಡ್ರೀ' ಇದೆಯಲ್ಲ, ಅದೇ ರಾಗ. ನಮ್ಮನೆಯವರು ಸುಮ್ನಿರದೆ 82ರ ಮಾತೆತ್ತಿದ್ರು. ಆಕೆ ಟೀ ಕೆಟಲ್ ಕೆಳಗಿಟ್ರು. ಅವರಪ್ಪ ಮುಂಚೆಯೇ ಆ ಟೀ ಶರ್ಟ್ ತಂದಿಟ್ಕೊಂಡಿದ್ರಂತೆ. ಬಿಸಾಡೋಕೆ ಮನಸ್ಸು ಬರ್ಲಿಲ್ಲ, ಹಾಕ್ಕೊಳ್ಳೋಕೆ ಮುಖ ಇರ್ಲಿಲ್ಲ.

"ಏನ್ ಮಾಡಿದ್ರು ಮತ್ತೆ?" ಅಂತ ಕೇಳಿದೆ.

"ಸಾಯೋ ತನಕ ಅದರಲ್ಲೇ ಕಾರ್ ಒರೆಸಿದ್ರು."