ಕೋಲಾರ ನಿಜವಾಗಲೂ ಬೆಚ್ಚಿಬಿತ್ತಾ?

[ಪರದೆ: ಪೇಪರಿನ ಜಿಲ್ಲಾ ಪುಟ. ಕೆಂಪು ಹೆಡ್ಡಿಂಗ್: ‘ಹಾಡಹಗಲೇ ಬರ್ಬರ ಹತ್ಯೆ, ಬೆಚ್ಚಿಬಿದ್ದ ಜನ’]

ಯಾವ ಜನ? ಸುದ್ದಿ ಪೂರ್ತಿ ಓದಿ ನೋಡಿ, ಬೆಚ್ಚಿಬಿದ್ದವರ ಒಂದು ಮಾತೂ ಇರುವುದಿಲ್ಲ. ಎಫ್‌ಐಆರ್‌ನಲ್ಲಿ ‘ಹರಿತವಾದ ಆಯುಧದಿಂದ ಹಲ್ಲೆ’ ಅಂತಿದ್ದದ್ದು ಪೇಪರಿಗೆ ಬರುವಷ್ಟರಲ್ಲಿ ‘ಕೊಚ್ಚಿ ಕೊಂದ ಕಿರಾತಕ’ ಆಗಿರುತ್ತದೆ.

ಕೊಲೆ ಒಂದೇ, ಸುದ್ದಿ ಎಷ್ಟು ಸಲ? ಶವ ಸಿಕ್ಕ ದಿನ, ಆರೋಪಿ ಸಿಕ್ಕ ದಿನ, ಮಹಜರಿನ ದಿನ, ಚಾರ್ಜ್‌ಶೀಟ್ ದಿನ. ಪ್ರತಿ ಸಲವೂ ಅದೇ ಫೋಟೋ. ಕ್ಲಾಕ್ ಟವರ್ ಹತ್ತಿರ ಟೀ ಕುಡಿಯುತ್ತಾ ಬರೀ ಹೆಡ್ಡಿಂಗ್ ಓದುವವರ ತಲೆಯಲ್ಲಿ ಅದು ನಾಲ್ಕು ಕೊಲೆ. ಮುಂದೆ ಆರೋಪಿ ಖುಲಾಸೆಯಾದರೆ? ಟೆಂಡರ್ ಜಾಹೀರಾತಿನ ಪಕ್ಕ ನಾಲ್ಕು ಸಾಲು. ಅದೂ ಬಂದರೆ.

ಥಟ್ಟನೆ ನೆನಪಿಗೆ ಬರುವುದೇ ಜಾಸ್ತಿ ನಡೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಟ್ವರ್ಸ್ಕಿ, ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ತೋರಿಸಿದ್ದರು.

[ಪರದೆ: 28,522 – 1,68,491]

2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಹೆಚ್ಚುಕಡಿಮೆ ಆರು ಪಟ್ಟು! ಆದರೂ ಕತ್ತಲಲ್ಲಿ ಡೇರಿಗೆ ಹಾಲು ಹಾಕಲು ಹೋಗಬೇಡ ಅಂತ ಮಗಳನ್ನು ತಡೆಯುವ ಮನೆಯಲ್ಲೇ, ಹೆಲ್ಮೆಟ್ ಇಲ್ಲದೆ ಮುಳಬಾಗಿಲು ಹೈವೇಗೆ ಬೈಕ್ ಓಡಿಸುವ ಮಗನನ್ನು ಯಾರೂ ಕೇಳುವುದಿಲ್ಲ.

ದೇಶದ ಅಪರಾಧಗಳ ಲೆಕ್ಕ ಇಡುವ ಕೇಂದ್ರದ ಸಂಸ್ಥೆ ಎನ್‌ಸಿಆರ್‌ಬಿಯ ಆ ವರ್ಷದ ವರದಿಯಲ್ಲಿ ಕೊಲೆಗಳ ಕಾರಣವೂ ಇದೆ. ಜಗಳ-ತಕರಾರಿಗೆ 9,962. ಜಮೀನು, ಸಂಸಾರ, ಸಾಲ, ಸಣ್ಣಪುಟ್ಟ ಮಾತಿನ ಜಗಳ ಎಲ್ಲ ಇದರಲ್ಲೇ ಬರುತ್ತದೆ. ಲಾಭದಾಸೆಗೆ ಆದದ್ದು 1,884. ನಾವು ಅನುಮಾನದಿಂದ ನೋಡುವುದು ಮಾತ್ರ ಬೆಡ್‌ಶೀಟ್ ಮಾರಲು ಬಂದವನನ್ನು. ಹಿಂದಿ ಮಾತಾಡಿದನೋ, ಕಥೆ ಮುಗಿಯಿತು.

2018ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬನನ್ನು ಮಕ್ಕಳ ಕಳ್ಳ ಅಂತ ಹೊಡೆದು ಸಾಯಿಸಿದರು. ಅದು ಬರೀ ವದಂತಿ. ಹರಡಿದ್ದು ವಾಟ್ಸಾಪ್‌ನಲ್ಲಿ, ಪೇಪರಿನಲ್ಲಲ್ಲ, ಒಪ್ಪೋಣ. ಆದರೆ ಕಂಡ ಕೂಡಲೇ ನಂಬುವ ಮನಸ್ಸು ಒಂದೇ ದಿನದಲ್ಲಿ ತಯಾರಾಗುವುದಿಲ್ಲ, ಅಲ್ವಾ?

ಹಾಗಂತ ಕ್ರೈಂ ಸುದ್ದಿಯೇ ಬೇಡ ಅಂತಲ್ಲ. ಸರಗಳ್ಳತನ ಆದರೆ ಬರೆಯಲೇಬೇಕು. ಯಾವ ರಸ್ತೆ, ಎಷ್ಟು ಹೊತ್ತಿಗೆ, ಬೀದಿದೀಪ ಉರಿಯುತ್ತಿತ್ತಾ, ಹೋದ ವರ್ಷಕ್ಕಿಂತ ಜಾಸ್ತಿಯಾಗಿದೆಯಾ? ಇದನ್ನು ಬರೆದರೆ ಓದುವವರು ದಾರಿಯನ್ನಾದರೂ ಬದಲಾಯಿಸಿಕೊಳ್ಳಬಹುದು, ನಗರಸಭೆಯನ್ನು ಕೇಳಬಹುದು. ‘ಕಿರಾತಕ’ ಅಂತ ಓದಿ ಏನು ಮಾಡುವುದು?

ನಿಮ್ಮ ತಾಲ್ಲೂಕಿನ ಇಂಥ ಹೆಡ್ಡಿಂಗ್ ಇದ್ದರೆ ಫೋಟೋ ತೆಗೆದು ಕಳಿಸಿ. ಸತ್ತವರ ಹೆಸರು, ಮುಖ ಮಾತ್ರ ಮುಚ್ಚಿ ಕಳಿಸಿ.