ಹೆದರಬೇಡ ಎಂದು ಹೇಳಿ ಎದ್ದು ಹೋಗಬೇಡಿ

ಹೆದರುವವರಿಗೆ ವಿಶ್ವಾಸ ಕಡಿಮೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮುಂಬೈಯಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ನಮ್ಮ ನಡುವೆ ಈ ಮಾತು ಚರ್ಚಿನ ಪ್ರಸಂಗದಲ್ಲಿ, ಮೊಬೈಲಿಗೆ ಬರುವ ಸಂದೇಶದಲ್ಲಿ, ಕೊನೆಗೆ ಆಸ್ಪತ್ರೆಯ ಮಂಚದ ಪಕ್ಕದಲ್ಲಿಯೂ ಕೇಳಿಬರುತ್ತದೆ. ಬಯಾಪ್ಸಿ ವರದಿಗಾಗಿ ಕಾಯುತ್ತಿರುವ ಹೆಂಗಸಿಗೆ, "ಅಕ್ಕಾ, ಭಯಪಡಬಾರದು, ಭಯ ಸೈತಾನನದು" ಎನ್ನುತ್ತಾರೆ. ಹೇಳಿದವರು ಮನೆಗೆ ಹೊರಡುತ್ತಾರೆ. ಆಕೆಗೆ ಆ ರಾತ್ರಿ ಎರಡು ಭಯ. ಒಂದು ಕಾಯಿಲೆಯದು, ಇನ್ನೊಂದು, ತಾನು ಹೆದರಿದ್ದಕ್ಕೆ ದೇವರು ಮುನಿದಿರಬಹುದೇ ಎಂಬುದು. ಆ ಎರಡನೆಯದನ್ನು ಕೊಟ್ಟವರು ನಾವು.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, "ಭಯಪಡಬೇಡ" ಎಂಬ ಮಾತು ವರ್ಷದ ದಿನಕ್ಕೊಂದರಂತೆ 365 ಸಲ ಇದೆ ಎಂದು ಹಲವರು ಹೇಳುತ್ತಾರೆ. ಎಣಿಸಲು ಕುಳಿತರೆ ಆ ಲೆಕ್ಕ ಸಿಗುವುದಿಲ್ಲ. ಸಿಗಬೇಕಾದ ಅಗತ್ಯವೂ ಇಲ್ಲ. ಆ ಮಾತನ್ನು ದೇವರು ಯಾರಿಗೆ, ಹೇಗೆ ಹೇಳಿದನು ಎಂಬುದನ್ನು ನೋಡಿ. ಯೆಶಾಯ 41:10ರಲ್ಲಿ ಹೆದರಬೇಡ ಎಂದವನು ಅದೇ ಉಸಿರಿನಲ್ಲಿ, ನಾನೇ ನಿನ್ನೊಂದಿಗಿದ್ದೇನೆ ಎನ್ನುತ್ತಾನೆ. ಯೆಹೋಶುವನಿಗೂ ಹಾಗೆಯೇ, ಇಸಾಕನಿಗೂ ಹಾಗೆಯೇ. ಮೊದಲರ್ಧವನ್ನು ಬಾಯಲ್ಲಿ ಹೇಳುವ ನಾವು ಉಳಿದರ್ಧವನ್ನು ನುಂಗಿಬಿಟ್ಟಿದ್ದೇವೆ.

ಪ್ರವಾದಿ ಎಲೀಯನ ಕಥೆಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಅರಸುಗಳ ಮೊದಲ ಪುಸ್ತಕದ 19ನೆಯ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ ಪ್ರವಾದಿಗಳನ್ನು ಒಬ್ಬನೇ ಎದುರಿಸಿದ ಮನುಷ್ಯ ಅವನು. ರಾಣಿ ಈಜೆಬೆಲಳ ಒಂದೇ ಬೆದರಿಕೆಗೆ ಪ್ರಾಣ ಉಳಿಸಿಕೊಳ್ಳಲು ಬೇರ್ಷೆಬದವರೆಗೆ ಓಡುತ್ತಾನೆ. ಆಳನ್ನು ಅಲ್ಲಿಯೇ ಬಿಟ್ಟು, ಅಡವಿಯೊಳಗೆ ಒಂದು ದಿನದ ದಾರಿ ನಡೆದು, ಗಿಡದ ಕೆಳಗೆ ಕುಳಿತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ಆಗ ದೇವದೂತನು ಏನು ಮಾಡಿದನು? ಗದರಿಸಲಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದನು. ಕೆಂಡದ ಮೇಲೆ ಸುಟ್ಟ ರೊಟ್ಟಿ, ಪಕ್ಕದಲ್ಲಿ ನೀರು. ಎಲೀಯನು ತಿಂದು ಮತ್ತೆ ಮಲಗಿದನು, ದೂತನು ಮಲಗಲು ಬಿಟ್ಟನು. ಎರಡನೆಯ ಸಲ ಎಬ್ಬಿಸಿದಾಗಲೂ ಊಟವೇ, ಮುಂದಿನ ದಾರಿ ದೂರವಿದೆ ಎಂಬ ಮಾತಿನ ಜೊತೆಗೆ. ಹೋರೇಬ್ ಬೆಟ್ಟದಲ್ಲಿ ದೇವರು ಮಾತಾಡಿದ್ದು ಇದೆಲ್ಲ ಆದ ಮೇಲೆ. ಅಲ್ಲಿಯೂ, ನಾನೊಬ್ಬನೇ ಉಳಿದಿದ್ದೇನೆ ಎಂದು ಅತ್ತವನಿಗೆ ಎಲೀಷನೆಂಬ ಜೊತೆಗಾರನನ್ನು ತೋರಿಸಿಕೊಟ್ಟನು. ರೊಟ್ಟಿ, ನಿದ್ದೆ, ಜೊತೆ: ಹೆದರಿದ ಪ್ರವಾದಿಗೆ ದೇವರು ಕೊಟ್ಟದ್ದು ಇವು.

ಇನ್ನು ಗೆತ್ಸೇಮನೆ, ಯೇಸು ಬಂಧನಕ್ಕೊಳಗಾದ ರಾತ್ರಿ ಪ್ರಾರ್ಥಿಸಿದ ತೋಟ. ಯೇಸು ತನ್ನ ಕಳವಳವನ್ನು ಬಚ್ಚಿಡಲಿಲ್ಲ. ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋಗಿ, ಪ್ರಾಣವು ಸಾಯುವಷ್ಟು ದುಃಖಪಡುತ್ತಿದೆ, ಇಲ್ಲಿಯೇ ಇದ್ದು ಎಚ್ಚರವಾಗಿರಿ ಎಂದು ಕೇಳಿಕೊಂಡನು. ದೇವಕುಮಾರನೇ ಜೊತೆಗೆ ಜನ ಬೇಕೆಂದು ಕೇಳಿರುವಾಗ ನಮ್ಮ ಅಕ್ಕತಂಗಿಯರಿಗೆ ಒಬ್ಬರೇ ಧೈರ್ಯ ತಂದುಕೊಳ್ಳಿ ಎಂದು ಯಾವ ಬಾಯಿಯಿಂದ ಹೇಳುವುದು? ಪ್ರಾರ್ಥನೆ ಜಯಘೋಷದಲ್ಲಿಯೇ ಮುಗಿಯಬೇಕೆಂದೂ ಇಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ.

ಈ ನಗರಕ್ಕೆ ಭಯ ಹೊಸದಲ್ಲ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಬಾಂದ್ರಾದ ಗಲ್ಲಿಗಳಲ್ಲಿ ಇಂದಿಗೂ ಹೂಮಾಲೆ ಹಾಕಿಸಿಕೊಂಡು ನಿಂತಿರುವ ಶಿಲುಬೆಗಳಲ್ಲಿ ಅನೇಕವು ಆ ಪ್ಲೇಗಿನ ಕಾಲದವು. ನೆರೆಹೊರೆಯವರು ಅವುಗಳ ಮುಂದೆ ಸೇರಿ ಪ್ರಾರ್ಥಿಸಿದರು. ಅವರು ಹೆದರಿದ್ದರು, ಹೆದರಿಕೊಂಡೇ ಒಟ್ಟಿಗೆ ನಿಂತರು. ಅದೇ ದಿನಗಳಲ್ಲಿ ಬೈಕುಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಯೆಹೂದಿ ವಿಜ್ಞಾನಿ ಪ್ಲೇಗಿಗೆ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡನು. ಶಿಲುಬೆಯ ಮುಂದಿನ ಪ್ರಾರ್ಥನೆಯೂ ಆ ಲಸಿಕೆಯೂ ಒಂದಕ್ಕೊಂದು ಎದುರಾಳಿಗಳು ಎಂದು ನನಗೆ ಎಂದೂ ಅನ್ನಿಸಿಲ್ಲ. ಹಾಗಾಗಿಯೇ, ವಾರಗಟ್ಟಲೆ ನಿದ್ದೆ ಬಾರದವರಿಗೆ, ಲೋಕಲ್ ರೈಲು ಹತ್ತುವಾಗ ಎದೆ ಡವಗುಟ್ಟಿ ಉಸಿರು ಕಟ್ಟುವವರಿಗೆ ಹೇಳುತ್ತೇನೆ: ಪ್ರಾರ್ಥಿಸಿ, ವೈದ್ಯರನ್ನೂ ಕಾಣಿ. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಹೋಯಿತು ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಮಾಹಿಮಿನ ಸಂತ ಮೈಕೆಲರ ಚರ್ಚಿನಲ್ಲಿ ಬುಧವಾರದ ನೊವೆನಾ ಎಂಬ ವಿಶೇಷ ಪ್ರಾರ್ಥನೆಗೆ ಬರುವವರನ್ನು ನೋಡಿದ್ದೀರಾ? ಕ್ರೈಸ್ತರಷ್ಟೇ ಅಲ್ಲ, ಎಲ್ಲ ಧರ್ಮದವರೂ ಇರುತ್ತಾರೆ. ಕೈಯಲ್ಲಿ ಮೇಣದ ಮನೆ, ಮೇಣದ ಕಾಲು, ಮೇಣದ ಮಗು. ತಮ್ಮ ಭಯ ಯಾವುದೆಂದು ಅವರು ಎಲ್ಲರೆದುರು ಹಿಡಿದುಕೊಂಡೇ ನಿಲ್ಲುತ್ತಾರೆ. ಪ್ರಾಟೆಸ್ಟೆಂಟರಾದ ನಾವು ಆ ಪದ್ಧತಿಯನ್ನು ಅನುಸರಿಸದಿರಬಹುದು. ಆ ಬಿಚ್ಚುಮನಸ್ಸಾದರೂ ನಮಗೆ ಬರಲಿ.

ಪರೇಲಿನ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗೆ ದೇಶದ ಮೂಲೆಮೂಲೆಗಳಿಂದ ಜನ ಬರುತ್ತಾರೆ, ಕರ್ನಾಟಕದಿಂದಲೂ. ಮರಾಠಿ ಬಾರದೆ, ಹಿಂದಿಯೂ ಅಷ್ಟಕ್ಕಷ್ಟೇ ಆಗಿ, ಕೈಯಲ್ಲಿ ಫೈಲು ಹಿಡಿದು ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತವರಿಗೆ ಒಂದು ಕನ್ನಡದ ಮಾತು ಎಷ್ಟು ದೊಡ್ಡದು! ಈ ಭಾನುವಾರ ಆರಾಧನೆ ಮುಗಿದ ಕೂಡಲೇ ನಿಮ್ಮ ಸಭೆಯಲ್ಲಿ ಎದ್ದು ನಿಂತು ಕೇಳಿ: ಈ ವಾರ ಆಸ್ಪತ್ರೆಗೆ ಒಬ್ಬರೇ ಹೋಗಬೇಕಾದವರು ಯಾರಿದ್ದಾರೆ? ಹೆಸರು, ದಿನ, ಸಮಯ ಬರೆದುಕೊಳ್ಳಿ. ಯಾರು ಜೊತೆಗೆ ಹೋಗುತ್ತಾರೆ ಎಂಬುದನ್ನು ಅಲ್ಲಿಯೇ ನಿಶ್ಚಯಿಸಿ. ಡಬ್ಬಿಯಲ್ಲಿ ಊಟ ಇರಲಿ.