ಲ್ಯಾಂಕಾಸ್ಟರ್‌ನ ಹೊಟ್ಟೆಯ ಕೆಳಗೆ

ಈಗ ನಾನಿರುವುದು ಲಂಡನ್ನಿನ ಹೆಂಡನ್‌ನಲ್ಲಿ, ಬ್ರಿಟಿಷ್ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಂನಲ್ಲಿ. ತಲೆಯ ಮೇಲೆ ಕಾಣುತ್ತಿದೆಯಲ್ಲ, ಅದು ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್, ಲ್ಯಾಂಕಾಸ್ಟರ್. ನಾಲ್ಕು ಎಂಜಿನ್. ರೆಕ್ಕೆಯ ಈ ತುದಿಯಿಂದ ಆ ತುದಿಗೆ 31 ಮೀಟರ್. ಮೂಗಿನ ಪಕ್ಕ ಸಾಲುಸಾಲಾಗಿ ಪುಟ್ಟ ಬಾಂಬುಗಳ ಚಿತ್ರ ಬರೆದಿದ್ದಾರೆ ನೋಡಿ. ಒಂದು ಚಿತ್ರ ಅಂದರೆ ಒಂದು ದಾಳಿ. ನೂರಕ್ಕಿಂತ ಜಾಸ್ತಿ ಇವೆ. ಕೆಳಗೆ ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಕೊಚ್ಚಿಕೊಂಡಿದ್ದ ಮಾತೂ ಇದೆ: ಶತ್ರುವಿನ ಒಂದು ವಿಮಾನವೂ ಜರ್ಮನಿಯ ಮೇಲೆ ಹಾರುವುದಿಲ್ಲ ಅಂತ.

ಇಲ್ಲಿ ನಿಂತರೆ ನನಗೆ ನೆನಪಾಗುವುದು ಅದೇ ಗೋರಿಂಗ್‌ನ ವಾಯುಪಡೆಯ ಒಬ್ಬ ಪೈಲಟ್. ವರ್ನರ್ ಬೌಮ್‌ಬಾಖ್.

ಹುಟ್ಟಿದ್ದು 1916ರಲ್ಲಿ, ಜರ್ಮನಿಯ ಕ್ಲೋಪನ್‌ಬುರ್ಗ್ ಎಂಬ ಊರಲ್ಲಿ. ಓಡಿಸಿದ್ದು ಯುಂಕರ್ಸ್ 88 ಎಂಬ ಬಾಂಬರ್. ಅದರ ಗಾಜಿನ ಮುಂಭಾಗದಲ್ಲಿ ನಾಲ್ಕು ಜನ ಒತ್ತಿಕೊಂಡು ಕೂರಬೇಕು. ಹಡಗು ಕಂಡರೆ ರೆಕ್ಕೆಯಡಿಯ ಬ್ರೇಕ್ ಪಟ್ಟಿ ಬಿಚ್ಚಿ, ಮೂಗು ಕೆಳಗೆ ಮಾಡಿ ಎರಗುವುದು. ಬಾಂಬ್ ಬಿಟ್ಟ ಕೂಡಲೇ ವಿಮಾನ ತಾನಾಗಿಯೇ ಮೂಗೆತ್ತುತ್ತಿತ್ತು. 1940ರ ಏಪ್ರಿಲ್‌ನಲ್ಲಿ ನಾರ್ವೆ ಹತ್ತಿರ ಫ್ರೆಂಚ್ ಯುದ್ಧನೌಕೆ ಎಮಿಲ್ ಬರ್ಟಿನ್ ಮೇಲೆ ಹೀಗೆ ಎರಗಿದ. ಮುಂದಿನ ತಿಂಗಳೇ ನೈಟ್ಸ್ ಕ್ರಾಸ್ ಪದಕ. 1942ರ ಆಗಸ್ಟ್‌ನಲ್ಲಿ ಆ ಪದಕದ ಇನ್ನೂ ಮೇಲಿನ ದರ್ಜೆ, ಕತ್ತಿಗಳ ಗೌರವ. ಬಾಂಬರ್ ಪೈಲಟ್‌ಗಳಲ್ಲಿ ಮೊದಲು ಸಿಕ್ಕಿದ್ದು ಇವನಿಗೇ. ಆಗಿನ್ನೂ 25 ವಯಸ್ಸು.

ಪ್ರತಿ ಪದಕದ ಹಿಂದೆಯೂ ಕೊರೆಯುವ ನೀರಿನಲ್ಲಿ ಸತ್ತ ನಾವಿಕರಿದ್ದಾರೆ. ಅವರನ್ನು ಬಿಟ್ಟು ಇವನ ಕಥೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಆದರೂ ನಾನು ಅವನ ಬಗ್ಗೆ ಮತ್ತೆ ಮತ್ತೆ ಓದುವುದು 1945ರ ಮಾರ್ಚ್‌ಗೋಸ್ಕರ. ಆಗ ಅವನು ಕೆಜಿ 200 ಎಂಬ ಗುಪ್ತ ದಳದ ಮುಖ್ಯಸ್ಥ. ವಿ-1 ಹಾರುವ ಬಾಂಬಿಗೆ ಒಂದು ಸೀಟು ಕೂರಿಸಿ, ಹುಡುಗರನ್ನು ಅದರಲ್ಲಿ ಸಾಯಲು ಕಳಿಸುವ ಯೋಜನೆಯೊಂದಿತ್ತು. ಸಾಯಲು ಸಿದ್ಧ ಅಂತ ಎಷ್ಟೋ ಜನ ಸಹಿ ಹಾಕಿಯೂ ಆಗಿತ್ತು. ಹೆಸರಾಂತ ಪೈಲಟ್ ಹನ್ನಾ ರೈಟ್ಷ್ ಕೂಡ. ಬೌಮ್‌ಬಾಖ್ ಬೇಡ ಅಂದ. ಮಂತ್ರಿ ಆಲ್ಬರ್ಟ್ ಷ್ಪೇರ್ ಜೊತೆ ಹಿಟ್ಲರನ ಮುಂದೆ ಹೋಗಿ ಒಪ್ಪಿಸಿದ. ಸಾಯಲು ಸಹಿ ಹಾಕಿದ್ದವರ ತುಕಡಿಯನ್ನೇ ಬರ್ಖಾಸ್ತು ಮಾಡಿದ. ಸೀಟು ಕೂರಿಸಿದ ಬಾಂಬುಗಳು ಯುದ್ಧಕ್ಕೆ ಹಾರಲೇ ಇಲ್ಲ.

ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋದ. ಅಲ್ಲಿನ ವಾಯುಪಡೆಗೆ ವಿಮಾನಗಳನ್ನು ಪರೀಕ್ಷಿಸುವ ಕೆಲಸ. 1953ರ ಅಕ್ಟೋಬರ್ 20ರಂದು ಬೆರಸಾತೆಗಿ ಹತ್ತಿರ, ರಿಯೋ ಡೆ ಲಾ ಪ್ಲಾಟಾ ನದಿಯ ನೀರಿಗೆ ಅವನ ವಿಮಾನ ಬಿತ್ತು. 36 ವರ್ಷ ಅಷ್ಟೇ.

ಅದು ಅರ್ಜೆಂಟೀನಾ ಬ್ರಿಟನ್ನಿನಿಂದ ಕೊಂಡಿದ್ದ ವಿಮಾನ. ಲ್ಯಾಂಕಾಸ್ಟರ್. ಸ್ವಲ್ಪ ಹೊತ್ತು ಕ್ಯಾಮೆರಾ ಈ ಕಾಕ್‌ಪಿಟ್ ಮೇಲೇ ಇಡುತ್ತೇನೆ, ನೋಡಿ.